ಮಂಜು ಆರುವ ಮೊದಲು

ಅಥಣಿ
6 ಜನವರಿ 2005

ಪ್ರೀತಿಯ ಕಾಂಚನಾ,

ಚಿಕ್ಕೋಡಿಯ ತರಬೇತಿ ಮುಗಿದ ದಿನ ಬಸ್ ನಿಲ್ದಾಣದಲ್ಲಿ ನೀನು, "ಅಕ್ಕಾ, ನಿಮ್ಮ ಹುಡುಗ್ರನ್ನ ಒಮ್ಮೆ ನಮ್ಮ ವಸ್ತಿಗೆ ಕರಕೊಂಡ ಬರ್ರಿ" ಅಂದಿದ್ದೆ. ಬಾಯಿಮಾತಿಗೆ ಅಂದಿದ್ದರೂ ಇರಬಹುದು. ನಾನು ಮಾತ್ರ ಅದನ್ನೇ ಹಿಡಿದುಕೊಂಡು ಕೂತಿದ್ದೇನೆ.

ಈ ಸಲ ನಮ್ಮ ನಾಲ್ಕನೇ ತರಗತಿಯ ಮಕ್ಕಳನ್ನು ಒಂದು ರಾತ್ರಿ ಹಳ್ಳಿಯ ಮನೆಯಲ್ಲಿ ಇರಿಸಬೇಕೆಂದು ನನ್ನ ಆಸೆ. ನಾನು ಮುಖ್ಯೋಪಾಧ್ಯಾಯಿನಿಯಾದ ಮೇಲೂ ಪ್ರತಿವರ್ಷ ಕೊಲ್ಹಾಪುರಕ್ಕೆ ಹೋಗಿ ಐಸ್ಕ್ರೀಮ್ ತಿಂದು ಬರುತ್ತೇವೆ, ಅದಕ್ಕೆ ಶೈಕ್ಷಣಿಕ ಪ್ರವಾಸ ಎಂಬ ಹೆಸರು ಬೇರೆ. ಅಥಣಿಯಂಥ ಊರಲ್ಲಿದ್ದೂ ಈ ಮಕ್ಕಳು ಕಬ್ಬನ್ನು ಟ್ರ್ಯಾಕ್ಟರಿನ ಮೇಲೆ ಮಾತ್ರ ನೋಡಿದ್ದಾರೆ. ಮೊನ್ನೆ ಸುಜಯ ಎಂಬ ಹುಡುಗ ಶೇಂಗಾ ಗಿಡದ ಚಿತ್ರ ಬರೆದ. ಮಾವಿನಕಾಯಿಯ ಹಾಗೆ ಶೇಂಗಾ ಕೊಂಬೆಯಿಂದ ಜೋತಾಡುತ್ತಿತ್ತು. ನಾನು ನಗಲಿಲ್ಲ, ಏಕೆಂದರೆ ನನ್ನದೂ ಅದೇ ಕಥೆ. ನಿಪ್ಪಾಣಿಯಲ್ಲಿ ತಂಬಾಕು ತುಂಬಿಡುವ ವಖಾರಿಯ ಮೇಲಿನ ಮನೆಯಲ್ಲಿ ಹುಟ್ಟಿದವಳು ನಾನು. ಚಿಕ್ಕಂದಿನಲ್ಲೇ ಬೆಳಗಾವಿಯ ಇಂಗ್ಲಿಷ್ ಶಾಲೆಯ ಹಾಸ್ಟೆಲಿಗೆ ಹೋದೆ. ನಮ್ಮ ಮನೆಯ ಅನ್ನವೆಲ್ಲ ತಂಬಾಕಿನದು, ಆದರೆ ಅದರ ಹೊಲಕ್ಕೆ ನಾನು ಕಾಲಿಟ್ಟಿಲ್ಲ.

ಸಂಕೋಚದಿಂದ ಒಂದು ಮಾತು ಕೇಳುತ್ತೇನೆ. ಕೆಲವು ಜೈನರ ಮಕ್ಕಳಿದ್ದಾರೆ. ಅವರಿಗೆ ಉಳ್ಳಾಗಡ್ಡಿ, ಬಟಾಟೆ ಆಗದು, ಹೊತ್ತು ಮುಳುಗುವುದರೊಳಗೆ ಊಟವೂ ಮುಗಿಯಬೇಕು. ನಿಮ್ಮ ಮನೆಯವರಿಗೆ ತೊಂದರೆಯಾದೀತೆ? ನಿಸ್ಸಂಕೋಚವಾಗಿ ಬರೆ. ನಿಮ್ಮೂರ ಬಾಳಾಸಾಬರ ಮನೆಯ ಫೋನಿಗೆ ಮಾಡಿದರೆ ಊರೆಲ್ಲ ಕೇಳಿಸಿಕೊಳ್ಳುತ್ತದೆ ಎಂದು ನೀನೇ ಹೇಳಿದ್ದೆ, ಅದಕ್ಕೇ ಈ ಪತ್ರ.

ನಿನ್ನ,
ಬ್ರಾಹ್ಮಿ

*

ಮಾಳಿನವಸ್ತಿ (ಕೊಗನೊಳ್ಳಿ ಅಂಚೆ)
12 ಜನವರಿ 2005

ಬ್ರಾಹ್ಮಿ ಅಕ್ಕನವರಿಗೆ ಕಾಂಚನಾಳ ಜೈಭೀಮ, ನಮಸ್ಕಾರ.

ನಿಮ್ಮ ಪತ್ರವನ್ನು ಅಡುಗೆಮನೆಯಲ್ಲೇ ಓದಿ ಹೇಳಿದೆ. ನಮ್ಮ ಅತ್ತೆ ಅಕ್ಕುತಾಯಿ ರೊಟ್ಟಿ ಬಡಿಯುತ್ತಿದ್ದವರು ಕೈ ನಿಲ್ಲಿಸಿದರು. "ಇಂಗ್ಲಿಷ್ ಸಾಲಿ ಹುಡುಗ್ರು ನಮ್ಮ ಮನಿಗಾ? ಉಣ್ಣಾಕಾ?" ಎಂದು ಕೇಳಿದರು. ಹೌದು ಅಂದೆ. ಹಂಚಿನ ಮೇಲಿನ ರೊಟ್ಟಿ ಹೊತ್ತುವ ತನಕ ಮತ್ತೆ ಮತ್ತೆ ಅದನ್ನೇ ಕೇಳಿದರು, "ಉಣ್ಣಾಕಾ?"

ಅತ್ತೆಗೆ ಅದು ಯಾಕೆ ದೊಡ್ಡದು ಎಂದು ನಿಮಗೆ ಗೊತ್ತಾಗಬೇಕು. ನಮ್ಮೂರ ಸರಕಾರಿ ಶಾಲೆಯಲ್ಲಿ ಬಿಸಿಯೂಟ ಶುರುವಾದಾಗಿನಿಂದ ಅವರೇ ಮುಖ್ಯ ಅಡುಗೆಯವರು. (ನಾನು ಕಲಿಸುವುದು ಪಕ್ಕದೂರ ಶಾಲೆಯಲ್ಲಿ, ನಿಮಗೆ ನೆನಪಿದೆಯಲ್ಲ.) ಮೊದಮೊದಲು ಮೇಲಿನ ಓಣಿಯ ಮಕ್ಕಳು ತಾಟು ತಂದು ಬರಿ ತಾಟು ಒಯ್ಯುತ್ತಿದ್ದರು. ಈಗ ಎಲ್ಲರೂ ಉಣ್ಣುತ್ತಾರೆ. ಶಾಲಾ ಸಮಿತಿಯ ಅಧ್ಯಕ್ಷ ಬಾಳಾಸಾಬರ ಮೊಮ್ಮಗ ಎರಡು ಸಲ ಹಾಕಿಸಿಕೊಳ್ಳುತ್ತಾನೆ. ಯಾರ ಭಾಷಣದಿಂದಲೂ ಆದದ್ದಲ್ಲ ಅದು, ಅತ್ತೆಯ ಸಾರಿನ ವಾಸನೆಯಿಂದ ಆದದ್ದು.

ಉಳ್ಳಾಗಡ್ಡಿ ಇಲ್ಲದ ಅಡುಗೆ ಬೇರೆ ಮಾಡುತ್ತಾರಂತೆ. "ಹೊತ್ತ ಮುಳುಗೂದ್ರಾಗ ಉಣಸತೇನಿ, ಸೂರ್ಯಾ ನನ್ನ ಮಾತ ಕೇಳತಾನ ಅಂತ ಬರಿ" ಅಂದರು.

ಇನ್ನೆರಡು ಮಾತು. ಹೊಲದಲ್ಲಿ ಈಗ ತಂಬಾಕು ಎದೆಯೆತ್ತರ ನಿಂತಿದೆ. ಬೆಳಗಿನ ಮಂಜು ಆರುವ ತನಕ ಮಕ್ಕಳನ್ನು ಅದರೊಳಗೆ ಇಳಿಸಬಾರದು ಎಂದು ಬರೆಯಲು ಅತ್ತೆ ಹೇಳಿದ್ದಾರೆ. ಬಿಸಿಲೇರಿದ ಮೇಲೆ ನಮ್ಮ ಯಜಮಾನರೇ ಕರೆದೊಯ್ದು ತೋರಿಸುತ್ತಾರೆ.

ಎರಡನೆಯದು ನನ್ನ ಮಾತು. ನಾವು ಯಾರ ಪೈಕಿ ಎಂದು ಪಾಲಕರಿಗೆ ತಿಳಿಸಿದ್ದೀರಾ? ತಿಳಿಸಿಬಿಡಿ ಅಕ್ಕಾ. ಬರದವರು ಬರದಿದ್ದರೂ ಪರವಾಗಿಲ್ಲ, ಉಂಡು ಹೋದ ಮೇಲೆ ಮಾತು ಬರುವುದು ಬೇಡ.

ನಿಮ್ಮ,
ಕಾಂಚನಾ

*

ಅಥಣಿ
17 ಜನವರಿ 2005

ಪ್ರೀತಿಯ ಕಾಂಚನಾ,

28ರ ಶುಕ್ರವಾರ ಮಧ್ಯಾಹ್ನ ತಲುಪುತ್ತೇವೆ, ಮರುದಿನ ತಿಂಡಿ ಮುಗಿಸಿ ಹೊರಡುತ್ತೇವೆ.

ಪಾಲಕರ ಚಿಂತೆ ನನ್ನ ಮೇಲೆ ಬಿಡು. ರೈತರ ಮನೆ ಎಂದು ಹೇಳಿದ್ದೇನೆ, ಅದು ನಿಜವೂ ಹೌದಲ್ಲ. ನೀನು ಬರೆದಂಥ ಪ್ರಶ್ನೆಯನ್ನು ನಮ್ಮ ಶಾಲೆಯಲ್ಲಿ ನಾವು ಕೇಳುವುದೇ ಇಲ್ಲ. ಕೇಳದಿರುವುದೇ ಸರಿಯಾದ ಉತ್ತರ ಎಂದು ನಾನು ನಂಬಿದ್ದೇನೆ. ಮಂಜಿನ ವಿಷಯದಲ್ಲೂ ಅತ್ತೆಯವರ ನಂಬಿಕೆಗೆ ನಮ್ಮಿಂದ ಧಕ್ಕೆಯಾಗದು. ಬೆಳೆಗೆ ದೃಷ್ಟಿ ತಾಕಬಾರದು ಎಂದು ನಮ್ಮ ಅಜ್ಜಿಯೂ ಏನೇನೋ ಹೇಳುತ್ತಿದ್ದಳು.

ನಿನ್ನ,
ಬ್ರಾಹ್ಮಿ

*

ಅಥಣಿ
2 ಫೆಬ್ರವರಿ 2005

ಪ್ರೀತಿಯ ಕಾಂಚನಾ,

ಬಂದ ತಕ್ಷಣ ಬರೆಯಬೇಕಾಗಿತ್ತು, ತಡವಾಯಿತು.

ನಿಮ್ಮ ಅಂಗಳದಲ್ಲಿ ಮಕ್ಕಳು ಸಾಲಾಗಿ ಕುಳಿತು ಉಂಡದ್ದು ಇನ್ನೂ ಕಣ್ಣ ಮುಂದಿದೆ. ಅತ್ತೆಯವರು ಒಂದು ಕಣ್ಣನ್ನು ಪಡುವಣಕ್ಕಿಟ್ಟು, "ಉಣ್ಣ್ರಿ ಉಣ್ಣ್ರಿ, ಇನ್ನೂ ಬೇವಿನ ಮರದ ಮ್ಯಾಗ ಅದಾನ" ಎನ್ನುತ್ತ ಬಡಿಸಿದರು. ಜಿನಮತಿ ಎಂಬ ಹುಡುಗಿ ಮನೆಯಲ್ಲಿ ಒಂದು ರೊಟ್ಟಿಗೂ ಹಟ ಮಾಡುವವಳು, ಅವತ್ತು ಕಡಲೆಹಿಟ್ಟಿನ ಝುಣಕದ ವಡಿಯನ್ನು ಕೇಳಿ ಹಾಕಿಸಿಕೊಂಡಳು. ನಿಮ್ಮ ಯಜಮಾನರು ಸಮಾಧಾನ ಅವರು ಎತ್ತಿನ ಕೊರಳಗಂಟೆ ಬಿಚ್ಚಿ ಮಕ್ಕಳ ಕೈಗೆ ಕೊಟ್ಟದ್ದು, ಸುಜಯ ಅದನ್ನು ಹಾಸಿಗೆಯಲ್ಲೂ ಬಿಡದಿದ್ದದ್ದು, ಎಲ್ಲ ನೆನಪಾಗುತ್ತದೆ.

ಮರಳುವಾಗ ಬಸ್ಸು ಚಿಕ್ಕೋಡಿ ಮುಟ್ಟುವ ಮೊದಲೇ ಕೆಲವು ಮಕ್ಕಳಿಗೆ ವಾಂತಿ ಶುರುವಾಯಿತು. ತಲೆಸುತ್ತು, ಬೆವರು. ಅಲ್ಲೇ ಒಬ್ಬ ಡಾಕ್ಟರರಿಗೆ ತೋರಿಸಿದೆವು. ಸಂಜೆಯ ಹೊತ್ತಿಗೆ ಎಲ್ಲರೂ ಚೇತರಿಸಿಕೊಂಡರು, ಈಗ ಶಾಲೆಗೆ ಬರುತ್ತಿದ್ದಾರೆ. ನೀನು ಗಾಬರಿಯಾಗಬೇಡ. ಊಟದಿಂದಲೇ ಹೀಗಾಯಿತೇನೋ ಎಂದು ಪಾಲಕರು ಮಾತಾಡಿಕೊಳ್ಳುತ್ತಿದ್ದಾರೆ. ನಾನು ಏನೂ ಹೇಳಿಲ್ಲ.

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು. ಬೇಸಿಗೆಯಲ್ಲಿ ನೀನೇ ಒಮ್ಮೆ ಅಥಣಿಗೆ ಬಾ.

ನಿನ್ನ,
ಬ್ರಾಹ್ಮಿ

*

ಮಾಳಿನವಸ್ತಿ
8 ಫೆಬ್ರವರಿ 2005

ಬ್ರಾಹ್ಮಿ ಅಕ್ಕನವರಿಗೆ ನಮಸ್ಕಾರ.

ನಿಮ್ಮ ಪತ್ರಕ್ಕಿಂತ ಮೊದಲೇ ಸುದ್ದಿ ಬಂದು ಮುಟ್ಟಿತ್ತು. ನಿಪ್ಪಾಣಿ ಸಂತೆಯಲ್ಲಿ ಸುಜಯನ ಅತ್ತೆಯೊಬ್ಬರು ನಮ್ಮೂರವರಿಗೆ ಸಿಕ್ಕು, "ನಿಮ್ಮೂರಾಗ ಉಂಡು ನಮ್ಮ ಹುಡುಗ್ರು ಸಾಯೂದೊಂದ ಬಾಕಿ ಇತ್ತು" ಅಂದರಂತೆ. ಅದು ಊರಿಗೆ ಬರುವುದರೊಳಗೆ ಇಬ್ಬರು ಮಕ್ಕಳು ದವಾಖಾನೆಯಲ್ಲಿ ಸತ್ತೇಹೋಗಿದ್ದರು. ನಿಮ್ಮ ಪತ್ರ ಓದಿದ ಮೇಲೆ ನಮಗೆ ಜೀವ ಬಂತು.

ಅತ್ತೆ ಸರಿಯಾಗಿ ಉಣ್ಣುತ್ತಿಲ್ಲ. ಆ ದಿನದ ಒಂದೊಂದೇ ಕೆಲಸವನ್ನು ಬಾಯಲ್ಲಿ ಮತ್ತೆ ಮಾಡುತ್ತಾರೆ. "ರವಾ ಜರಡಿ ಹಿಡದ್ನಿ. ಎಣ್ಣಿ ಹೊಸಾದು. ಮಜ್ಜಿಗಿ ಅವತ್ತ ಮುಂಜಾನೆ ಕಡದದ್ದು. ಹಿತ್ತಾಳಿ ಬೋಗಾಣಿಗೆ ಕಲಾಯ ಹೋಗಿತ್ತೇನೋ ಕಾಂಚನಾ? ನೀ ನೋಡಿದ್ದಿ?" ಎಂದು ಕೇಳುತ್ತಾರೆ. ಒಳಗಿನ ತವರದ ಕಲಾಯ ಹೋಗಿರಲಿಲ್ಲ. ಆದರೂ ಆ ಬೋಗಾಣಿಯನ್ನು ಅಟ್ಟಕ್ಕೆ ಹಾಕಿಬಿಟ್ಟಿದ್ದಾರೆ.

"ಹುಡುಗ್ರಿಗೆ ತಂಬಾಕ ಏರಿತ್ತೇನ ಕೇಳು. ಮುಂಜಾನೆ ಹೊಲಕ್ಕ ಇಳದಿದ್ರೇನು?" ಎಂದು ನಿನ್ನೆ ಕೇಳಿದರು. ಹೊಸಬರು ಮಂಜಿನಲ್ಲಿ ನೆನೆದ ಹಸಿ ಎಲೆ ಮುಟ್ಟಿದರೆ ಹಾಗಾಗುತ್ತದೆ ಅಕ್ಕಾ. ಎಲೆಯ ನೀರು ಮೈಗಿಳಿದು ತಲೆ ತಿರುಗಿ ವಾಂತಿಯಾಗುತ್ತದೆ. ಮದುವೆಯಾಗಿ ಬಂದ ವರ್ಷ ನಾನೂ ಹಾಗೆ ಮಲಗಿದ್ದೆ. ಹೊಲಕ್ಕೆ ಇಳಿಸಬೇಡಿ ಎಂದು ನಾವು ಬರೆದಿದ್ದೆವಲ್ಲ, ಟೀಚರು ಇಳಿಸಿರಲಿಕ್ಕಿಲ್ಲ ಎಂದೆ. "ಆದ್ರೂ ಕೇಳು" ಅಂದರು, ಅದಕ್ಕೆ ಕೇಳುತ್ತಿದ್ದೇನೆ.

ಈ ಗದ್ದಲದಲ್ಲಿ ಇನ್ನೊಂದು. ಹಳ್ಳದ ಕಡೆಯ ಸಾಲಿನಲ್ಲಿ ಯಾರೋ ತಂಬಾಕಿನ ಎಲೆ ಮುರಿದು ಹಾಕಿದ್ದಾರೆ. ಪಕ್ಕದ ಹೊಲದ ಭೀಮಗೊಂಡನ ಆಡುಗಳೇ ನುಗ್ಗಿವೆ ಎಂದು ನಮ್ಮ ಯಜಮಾನರು ಎರಡೂ ಹೊಲಗಳ ನಡುವಿನ ಬಾಂದಿಗೆ ನಿಂತು ಕೂಗಾಡಿ ಬಂದರು. ಇಷ್ಟು ವರ್ಷ ಒಬ್ಬರ ಬಾವಿ ನೀರು ಒಬ್ಬರು ಹಾಯಿಸಿಕೊಂಡವರು, ಈಗ ಮಾತಿಲ್ಲ.

ಸಮಿತಿಯ ಸಭೆ ಕರೆಯುತ್ತೇವೆ ಎಂದು ಬಾಳಾಸಾಬರು ಹೇಳಿ ಕಳಿಸಿದ್ದಾರೆ. ಅತ್ತೆಯನ್ನು ಅಡುಗೆಯಿಂದ ತೆಗೆಯಬೇಕು ಎನ್ನುವವರು ಮೊದಲಿನಿಂದಲೂ ಇದ್ದರು, ಅವರಿಗೆ ಕಾರಣ ಬೇಕಾಗಿತ್ತು. ಡಾಕ್ಟರರು ಏನೆಂದರು ಎಂದು ನೀವು ಸಮಿತಿಗೆ ಎರಡು ಸಾಲು ಬರೆದರೆ ಸಾಕು. ಅಷ್ಟರಿಂದಲೇ ಅತ್ತೆಯ ಮರ್ಯಾದೆ ಉಳಿಯುತ್ತದೆ.

ನಿಮ್ಮ,
ಕಾಂಚನಾ

*

ಅಥಣಿ
13 ಫೆಬ್ರವರಿ 2005
(ಕಳಿಸಲಿಲ್ಲ)

ಕಾಂಚನಾ,

ಇಳಿಸಿದ್ದೆ.

ಆ ಶನಿವಾರ ನಸುಕಿನಲ್ಲಿ ನೀವಿಬ್ಬರೂ ಒಲೆಯ ಮುಂದಿದ್ದಿರಿ. ಹಳ್ಳ ನೋಡಿ ಬರುತ್ತೇವೆಂದು ಹೇಳಿ ಹೊರಟೆ. ಬಾಂದಿನ ಮೇಲೆ ನಡೆಯುವಾಗ ಆ ಎಲೆಗಳನ್ನು ಕಂಡೆ. ಒಂದೊಂದು ಮಗುವಿನ ಬೆನ್ನಿನಷ್ಟು ಅಗಲ, ಮೇಲೆಲ್ಲ ಹನಿ. ನನಗೆ ನಿನ್ನ ಪತ್ರ ನೆನಪಾಗಲಿಲ್ಲ ಎಂದು ಬರೆದರೆ ಸುಳ್ಳು. ನೆನಪಾಯಿತು. ಒಂದು ಫೋಟೊ ತೆಗೆದರೆ ಏನಾದೀತು ಎನಿಸಿತು. ಒಬ್ಬೊಬ್ಬರು ಒಂದೊಂದು ಎಲೆ ಮುರಿದು ತಲೆಯ ಮೇಲೆ ಛತ್ರಿಯ ಹಾಗೆ ಹಿಡಿಯಿರಿ ಎಂದು ನಾನೇ ಹೇಳಿದೆ. ಸುಜಯ ಮುರಿಯಲು ಹಿಂದೆಮುಂದೆ ನೋಡಿದಾಗ ಅವನ ಕೈ ಹಿಡಿದು ಮುರಿಸಿದವಳೂ ನಾನೇ. ನೀರು ಕೊರಳಿಗೆ ಇಳಿದು ಮಕ್ಕಳು ಕೇಕೆ ಹಾಕಿದರು. ಆಮೇಲೆ ಎಲೆಗಳನ್ನು ಎದೆಗೆ ಅವಚಿಕೊಂಡು ಹಳ್ಳದ ತನಕ ನಡೆದರು, ಅಲ್ಲಿ ಕೂತು ನರಗಳನ್ನು ನೋಡಿ ಚಿತ್ರ ಬರೆದರು. ಒಳ್ಳೆಯ ಪಾಠವಾಯಿತು ಎಂದು ನನ್ನಷ್ಟಕ್ಕೆ ಹೆಮ್ಮೆಪಟ್ಟೆ.

ಕೈಗೆಲ್ಲ ಅಂಟು ಹಿಡಿದು ಕಪ್ಪಾಗಿತ್ತು. ಮರಳಿನಲ್ಲಿ ಉಜ್ಜಿ ತೊಳೆಸಿದೆ. ಎಲೆಗಳನ್ನು ಹಳ್ಳಕ್ಕೆ ಎಸೆಯಿಸಿ, "ಅಜ್ಜಿಗೆ ಹೇಳಬೇಡಿ, ಬೆಳೆ ಹಾಳು ಮಾಡಿದಿರಿ ಎಂದು ಬೇಜಾರು ಮಾಡಿಕೊಳ್ಳುತ್ತಾರೆ" ಅಂದೆ. ಜಿನಮತಿ, "ಸಾರಿ ಹೇಳೂದು ಬ್ಯಾಡೇನ್ರಿ ಟೀಚರ್?" ಎಂದು ಕೇಳಿದಳು. ಬೇಡ ಅಂದೆ. ಪ್ರತಿ ಸೋಮವಾರ ಪ್ರಾರ್ಥನೆಯ ನಂತರ ಸತ್ಯದ ಮೇಲೆ ಐದು ನಿಮಿಷ ಮಾತಾಡುವವಳು ನಾನು.

ಚಿಕ್ಕೋಡಿಯ ಡಾಕ್ಟರರು ಜಿನಮತಿಯ ಅಂಗೈ ಮೂಸಿ ನೋಡಿದರು. "ಯಾವ ಹೊಲ ಹೊಕ್ಕಿದ್ರಿ ಟೀಚರ್? ಹುಡುಗ್ರಿಗೆ ತಂಬಾಕ ಏರೇತಿ. ಸಂಜಿತನಕ ಇಳಿತೈತಿ" ಅಂದರು. ಅವರು ಹೇಳುವುದೂ ಬೇಕಾಗಿರಲಿಲ್ಲ. ಜಿನಮತಿ ಅವತ್ತು ನಿಮ್ಮ ಮನೆಯ ಉಪ್ಪಿಟ್ಟನ್ನು ಮುಟ್ಟಿರಲೇ ಇಲ್ಲ, ತನ್ನ ಡಬ್ಬಿಯ ಅವಲಕ್ಕಿ ಚೂಡಾ ತಿಂದಿದ್ದಳು. ಎಲ್ಲರಿಗಿಂತ ಹೆಚ್ಚು ವಾಂತಿ ಮಾಡಿಕೊಂಡವಳು ಅವಳೇ. ಬಸ್ಸಿನಲ್ಲಿ ಅವಳ ತಲೆ ಹಿಡಿದುಕೊಂಡಿದ್ದಾಗಲೇ ನನಗೆ ಗೊತ್ತಾಗಿತ್ತು, ಇದು ಅಡುಗೆಯದಲ್ಲ.

ಶಾಲೆಯ ಗೇಟಿನಲ್ಲಿ ಪಾಲಕರು ಮುತ್ತಿಕೊಂಡರು. ಯಾರೋ "ಊಟದಾಗ ಏನೋ ಆಗಿರಬೇಕು" ಅಂದರು. ನಾನು ಬಾಯಿ ತೆರೆಯುವುದರೊಳಗೆ ಎಲ್ಲರೂ ಅದನ್ನು ಒಪ್ಪಿಬಿಟ್ಟಿದ್ದರು. ನಾನು ಸುಮ್ಮನಿದ್ದೆ. ಅಷ್ಟೇ ಮಾಡಿದ್ದು. ಅಷ್ಟು ಸುಲಭವಾಗಿ ಆಗಿಬಿಡುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

*

ಅಥಣಿ
14 ಫೆಬ್ರವರಿ 2005

ಪ್ರೀತಿಯ ಕಾಂಚನಾ,

ನಿನ್ನ ಪತ್ರ ಓದಿ ಮನಸ್ಸಿಗೆ ತುಂಬ ನೋವಾಯಿತು. ಅತ್ತೆಯವರಿಗೆ ಧೈರ್ಯ ಹೇಳು. ಅವರ ಅಡುಗೆಯ ಬಗ್ಗೆ ನನಗಂತೂ ಎಳ್ಳಷ್ಟೂ ಸಂಶಯವಿಲ್ಲ.

ಬೆಳಿಗ್ಗೆ ಮಕ್ಕಳು ನನ್ನ ಜೊತೆ ಹಳ್ಳದ ಕಡೆ ಹೋಗಿದ್ದರು. ಡಾಕ್ಟರರು ಖಚಿತವಾಗಿ ಏನನ್ನೂ ಹೇಳಲಿಲ್ಲ. ನೀರು, ಹವೆ, ಪ್ರಯಾಣ, ಏನು ಬೇಕಾದರೂ ಕಾರಣವಿರಬಹುದು. ಸಮಿತಿಗೆ ಬರೆಯಬೇಕಾದರೆ ನಮ್ಮ ಆಡಳಿತ ಮಂಡಳಿಯ ಒಪ್ಪಿಗೆ ಬೇಕು, ಸದ್ಯ ಅದು ಕಷ್ಟ. ಸ್ವಲ್ಪ ದಿನ ಹೋದರೆ ಜನ ತಾವೇ ಮರೆಯುತ್ತಾರೆ ಎಂದು ನನಗೆ ಅನಿಸುತ್ತದೆ.

ನಿನ್ನ,
ಬ್ರಾಹ್ಮಿ

*

ಮಾಳಿನವಸ್ತಿ
28 ಫೆಬ್ರವರಿ 2005

ಮಾನ್ಯ ಮುಖ್ಯೋಪಾಧ್ಯಾಯಿನಿಯವರಿಗೆ,

ಜನ ಮರೆತಿಲ್ಲ. ಶುಕ್ರವಾರ ಸಮಿತಿಯ ಸಭೆಯಾಯಿತು, ಅತ್ತೆಯನ್ನು ತೆಗೆದರು. ಸಾವಿತ್ರೆವ್ವ ಎಂಬವರನ್ನು ಹಾಕಿಕೊಂಡಿದ್ದಾರೆ. ನಿಮ್ಮ ಹದಿನಾಲ್ಕನೇ ತಾರೀಖಿನ ಪತ್ರವನ್ನು ನಾನು ಬಾಳಾಸಾಬರಿಗೆ ತೋರಿಸಿದ್ದೆ. ಬೇರೇನೂ ಇರಲಿಲ್ಲ ತೋರಿಸಲು. ಅವರು ಓದಿ, "ಅಡಗಿ ಚೊಲೊ ಇತ್ತು ಅಂತಾರ, ಅಡಗಿಯಿಂದ ಆಗಿಲ್ಲ ಅಂತ ಎಲ್ಲಿ ಅಂದಾರ ತಂಗೀ?" ಎಂದು ಮರಳಿ ಕೊಟ್ಟರು. ನಾನು ಅಲ್ಲೇ ನಿಂತು ಇನ್ನೊಮ್ಮೆ ಓದಿದೆ. ಅವರ ಮಾತು ಸರಿಯಾಗಿತ್ತು.

ಅತ್ತೆ ಸೌಟು, ಕೀಲಿ ಒಪ್ಪಿಸಿ ಬಂದರು. ಅಳಲಿಲ್ಲ. "ಕೂಸುಗಳ ಜೀವದ ಪ್ರಶ್ನಿ. ಅವರ ಜಾಗಾದಾಗ ನಾನಿದ್ರೂ ತಗೀತಿದ್ನಿ" ಅಂದರು. ತಮ್ಮ ಕೈಯಿಂದಲೇ ತಪ್ಪಾಗಿದೆ ಎಂದು ಈಗ ಅವರೇ ನಂಬಿದ್ದಾರೆ. ಅದು ನನಗೆ ಸಹಿಸಲಾಗುವುದಿಲ್ಲ.

ನಿನ್ನೆ ತಂಬಾಕು ಕಡಿಯಲು ಹೋದಾಗ ಭೀಮಗೊಂಡ ಬಾಂದಿನ ಆಚೆಯಿಂದ ನಮ್ಮವರಿಗೆ, "ಸಮಾಧಾನಾ, ಹೆಸರಿಗಿ ತಕ್ಕಂಗ ಒಂದ ಗಳಿಗಿ ಸಮಾಧಾನ ಮಾಡ್ಕೊಂಡ ಕೇಳಲೇ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರ, ಆದ್ರ ಆಡೂ ಮುಟ್ಟದ್ದು ಒಂದ ಐತಿ, ಅದ ನಿನ್ನ ತಂಬಾಕ. ಅದನ್ನ ಮುಟ್ಟೂದು ಎರಡ ಕಾಲಿನ ಪ್ರಾಣಿ ಅಷ್ಟ!" ಎಂದು ಕೂಗಿ ಹೇಳಿದ. ನಮ್ಮವರು ನಾಚಿ ನಕ್ಕುಬಿಟ್ಟರು, ಜಗಳ ಮುಗಿಯಿತು. ನಾನು ನಗಲಿಲ್ಲ. ಆ ಸಾಲಿಗೆ ಹೋಗಿ ನೋಡಿದೆ. ಗಿಡಗಳ ತಲೆ ಹಾಗೇ ಇದೆ. ಕೆಳಗಿನ ಎಲೆಗಳನ್ನು ಮಾತ್ರ ಮುರಿದಿದ್ದಾರೆ, ನಾಲ್ಕನೇ ತರಗತಿಯ ಮಕ್ಕಳ ಕೈಗೆಟುಕುವಷ್ಟು.

ನೀವು ಹಳ್ಳಕ್ಕೆ ಹೋದದ್ದು ಯಾವ ದಾರಿಯಿಂದ?

ಕಾಂಚನಾ ಸಮಾಧಾನ ಕಾಂಬಳೆ

*

ಅಥಣಿ
5 ಮಾರ್ಚ್ 2005

ಕಾಂಚನಾ,

ಕ್ಷಮಿಸು. ಹೊಲದ ದಾರಿಯಿಂದಲೇ ಹೋದೆವು. ಎಲೆಗಳನ್ನು ಕಂಡು ಮಕ್ಕಳಿಗೆ ಆಸೆಯಾಯಿತು, ಓಡಿ ಹೋಗಿ ಮುರಿದರು. ಅಷ್ಟು ಮಕ್ಕಳನ್ನು ತಡೆಯುವುದು ನನ್ನೊಬ್ಬಳಿಂದ ಆಗಲಿಲ್ಲ. ತಂಬಾಕಿನಿಂದಲೇ ಹೀಗಾಗಿದೆ ಎಂದು ಡಾಕ್ಟರರೂ ಅಂದರು. ಅದನ್ನು ನಿನಗೆ ಮೊದಲೇ ಬರೆಯಬೇಕಾಗಿತ್ತು.

ಇದನ್ನೆಲ್ಲ ವಿವರಿಸಿ ಸಮಿತಿಗೆ ಒಂದು ಪತ್ರ ಬರೆದು ಇದರ ಜೊತೆ ಇಟ್ಟಿದ್ದೇನೆ. ಬಾಳಾಸಾಬರಿಗೆ ಕೊಡು. ಅತ್ತೆಯವರನ್ನು ಮರಳಿ ಕರೆಯುತ್ತಾರೆ ಎಂದು ನಂಬಿದ್ದೇನೆ.

ಬ್ರಾಹ್ಮಿ

*

ಮಾಳಿನವಸ್ತಿ
11 ಮಾರ್ಚ್ 2005

ಬ್ರಾಹ್ಮಿಯವರಿಗೆ,

ನಿಮ್ಮ ಎರಡೂ ಪತ್ರಗಳನ್ನು ಅತ್ತೆಗೆ ಓದಿ ಹೇಳಿದೆ. ಮೊದಲು, "ಹಂಗಾರ ನನ್ನ ಕೈಲೆ ಆಗಿಲ್ಲ?" ಎಂದು ಕೇಳಿದರು. ಇಲ್ಲ ಅಂದೆ. ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ, "ಆ ಓಡಿ ಹೋದ್ರು ಅನ್ನೂದು ಇನ್ನೊಮ್ಮಿ ಓದು" ಅಂದರು. ಓದಿದೆ.

"ಆ ಹುಡುಗ್ರು ಬಚ್ಚಲಕ್ಕ ಹೋಗಬೇಕಾದ್ರೂ ಟೀಚರ್ ಹೋಗ್ಲೇನ್ರಿ ಅಂತ ಕೈ ಎತ್ತಿ ಕೇಳತಿದ್ವು. ಕೇಳದ ಓಡಿ ಹೋಗ್ತಾವೇನ? ತಪ್ಪನ್ನ ಕೂಸುಗಳ ಮ್ಯಾಲ ಹಾಕ್ಯಾಳ ನೋಡು. ಮೊದಲ ನನ್ನ ಮ್ಯಾಲ ಹಾಕಿದ್ಳು, ಈಗ ಅವುಗಳ ಮ್ಯಾಲ" ಎಂದರು.

ನಾನು ನಿಮಗೆ ಉಪದೇಶ ಮಾಡುವಷ್ಟು ದೊಡ್ಡವಳಲ್ಲ. ಆದರೆ ಸಮಿತಿಗೆ ಬರೆದ ಪತ್ರವನ್ನು ನಾನು ಬಾಳಾಸಾಬರಿಗೆ ಕೊಟ್ಟಿಲ್ಲ. ಹಿಂದಕ್ಕೆ ಕಳಿಸುತ್ತಿದ್ದೇನೆ. ಅತ್ತೆ ಹೇಳಿದ ಮಾತನ್ನು ಹೇಳಿದ ಹಾಗೇ ಬರೆಯುತ್ತೇನೆ: "ಕಾಗದ ಬ್ಯಾಡ. ಬಂದು ಮಂದಿ ಮುಂದ ಬಾಯಿಬಿಟ್ಟ ಹೇಳು ಅನ್ನು. ಹೇಳಿ ಸಾಲ್ಯಾಗ ಪಂಗ್ತಿಯೊಳಗ ಕುಂತು ಉಂಡ ಹೋಗು ಅನ್ನು."

ಕಾಂಚನಾ

*

ಅಥಣಿ
19 ಮಾರ್ಚ್ 2005

ಕಾಂಚನಾ,

ಮಕ್ಕಳು ಓಡಿ ಹೋಗಲಿಲ್ಲ. ನಾನು ಮುರಿಸಿದೆ, ಫೋಟೊಗಾಗಿ. ನಿಮಗೆ ಹೇಳಬೇಡಿ ಎಂದು ಅವರ ಬಾಯಿ ಕಟ್ಟಿದೆ. ಒಂದು ತಿಂಗಳ ಹಿಂದೆ ಇದನ್ನೆಲ್ಲ ಒಂದು ಪತ್ರದಲ್ಲಿ ಬರೆದಿದ್ದೆ, ಅಂಚೆಗೆ ಹಾಕಲಿಲ್ಲ. ಮರುದಿನ ಇನ್ನೊಂದನ್ನು ಬರೆದು ಹಾಕಿದೆ, ಡಾಕ್ಟರರು ಏನೂ ಹೇಳಲಿಲ್ಲ ಎಂಬ ಸುಳ್ಳೂ ಅದರಲ್ಲಿತ್ತು. ಒಂದು ವಾಕ್ಯವನ್ನು ಎಲ್ಲಿ ನಿಲ್ಲಿಸಿದರೆ ಸುಳ್ಳಾಗದೆ ಉಳಿಯುತ್ತದೆ ಎಂಬುದೂ ನನಗೆ ಚೆನ್ನಾಗಿ ಬರುತ್ತದೆ, ಅದಕ್ಕೇ ಅತ್ತೆಯವರು ಕಾಗದ ಬೇಡ ಅಂದದ್ದು ಸರಿ.

ನಿಮ್ಮೂರಿಗೆ ಬರುವ ಮೊದಲು ಇಲ್ಲಿ ಹೇಳಬೇಕು ಎನಿಸಿತು. ನಿನ್ನೆ ಪಾಲಕರ ಸಭೆ ಕರೆದೆ. ಹುದ್ದೆ ಬಿಡಬೇಕಾಗಬಹುದು ಎಂದು ಮನೆಯಲ್ಲಿ ಹೇಳಿಯೇ ಹೊರಟಿದ್ದೆ. ನಿಂತುಕೊಂಡು ಎಲ್ಲವನ್ನೂ ಹೇಳಿದೆ.

ಮುಗಿದ ಮೇಲೆ ಏನಾಯಿತು ಗೊತ್ತೆ? ಸುಜಯನ ಅಪ್ಪ ನಕ್ಕರು. "ಇಷ್ಟಕ್ಕ ಸಭಾ ಕರದ್ರೇನ್ರಿ ಟೀಚರ್? ತಂಬಾಕ ಏರೂದಂದ್ರ ಏನು, ನಾಕ ತಾಸ ತಲಿ ತಿರಗತೈತಿ. ನಮ್ಮ ಕಾಕಾ ಲಗ್ನದಾಗ ನಾ ಜರದಾ ಪಾನ ತಿಂದು ಇದಕ್ಕಿಂತ ಜಾಸ್ತಿ ಬಿದ್ದಿದ್ನಿ" ಅಂದರು. ಎಲ್ಲರೂ ನಕ್ಕರು. ನನ್ನನ್ನು ಕ್ಷಮಿಸಲು ಅವರಿಗೆ ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಇಷ್ಟೇ ಹೊತ್ತಿನ ಮಾತಿಗೆ ನಾನು ಹೆದರಿದ್ದಕ್ಕೆ ಅತ್ತೆಯವರ ಸೌಟು ಹೋಯಿತು.

ಎಲ್ಲರೂ ಏಳುವಾಗ ಹಿಂದಿನ ಸಾಲಿನಿಂದ ಜಿನಮತಿಯ ಅಜ್ಜಿ ಕೇಳಿದರು, "ಅದ ಹೋಗ್ಲಿ ಬಿಡ್ರಿ. ಅಡಗಿ ಮಾಡಿದವರು ಯಾರ ಪೈಕಿ, ಅದನ್ನ ಹೇಳಲಿಲ್ಲಲ್ರಿ ನೀವು?"

ನಗುತ್ತಿದ್ದ ಮುಖಗಳೆಲ್ಲ ನನ್ನ ಕಡೆ ತಿರುಗಿದವು. ಹೊಲದ ವಿಷಯಕ್ಕೆ ಅಷ್ಟು ಹೆದರಿದ್ದೆನಲ್ಲ, ಅದು ಪೂರ್ತಿ ನಿಜವಲ್ಲ ಎಂದು ಆಗ ಹೊಳೆಯಿತು. ಗೇಟಿನಲ್ಲಿ ನಾನು ಬಾಯಿ ತೆರೆದಿದ್ದರೆ ಮಾತು ಇಲ್ಲಿಗೇ ಬಂದು ನಿಲ್ಲುತ್ತಿತ್ತು. ನಾನು ಮುಚ್ಚಿಟ್ಟದ್ದು ಇದನ್ನು. ನೀನು ಜನವರಿಯಲ್ಲೇ ಕೇಳಿದ್ದೆ. ಕೇಳದಿರುವುದೇ ಸರಿಯಾದ ಉತ್ತರ ಎಂದು ನಾನು ಬರೆದಿದ್ದೆ, ಎಷ್ಟು ಚೆನ್ನಾಗಿ ಬರೆದಿದ್ದೆ!

ಹೇಳಿದೆ. ಹೆಸರು ಹೇಳಿದೆ, ಬೌದ್ಧರು ಎಂದು ಹೇಳಿದೆ, ನಾನೂ ಎರಡು ಹೊತ್ತು ಉಂಡಿದ್ದೇನೆ ಎಂದು ಹೇಳಿದೆ. ಅಜ್ಜಿ ಜಿನಮತಿಯ ಕೈ ಹಿಡಿದುಕೊಂಡು ಹೊರಗೆ ಹೋದರು. ಹೋಗುವಾಗ ಆ ಹುಡುಗಿ, "ವಡಿ ಚೊಲೊ ಇದ್ವು ಅಜ್ಜಿ" ಅಂದದ್ದು ಎಲ್ಲರಿಗೂ ಕೇಳಿಸಿತು. ಜೂನಿಗೆ ಮೂವರು ಮಕ್ಕಳ ದಾಖಲೆಯನ್ನು ನಮ್ಮ ಶಾಲೆಯಿಂದ ತೆಗೆಯುತ್ತಾರಂತೆ. ತೆಗೆಯಲಿ.

ಸೋಮವಾರ, 28ಕ್ಕೆ ಬರುತ್ತೇನೆ.

ಬ್ರಾಹ್ಮಿ

*

ಅಥಣಿ
30 ಮಾರ್ಚ್ 2005

ಕಾಂಚನಾ,

ಸೋಮವಾರ ನೀನು ನಿನ್ನ ಶಾಲೆಯಲ್ಲಿದ್ದೆ. ಅತ್ತೆಯವರು ನಿನಗೆ ಎಷ್ಟು ಹೇಳಿದರೋ ಗೊತ್ತಿಲ್ಲ. ಬಹುಶಃ ಹೆಚ್ಚೇನೂ ಹೇಳಿರಲಿಕ್ಕಿಲ್ಲ. ಅದಕ್ಕೆ ನಾನೇ ಬರೆಯುತ್ತಿದ್ದೇನೆ.

ಬಾಳಾಸಾಬರು ಸಮಿತಿಯವರನ್ನು ಬೇವಿನ ಕೆಳಗೆ ಕೂಡಿಸಿದ್ದರು. ನಾನು ಹೇಳಿದೆ. ಎಲ್ಲ ಕೇಳಿ ಅವರು, "ಮೊದ್ಲ ಹೇಳಿದ್ರ ಆಗತಿತ್ತಲ್ರಿ ಬಾಯಾರ" ಅಂದರು, ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಾಗಿತ್ತು. ಸಾವಿತ್ರೆವ್ವ ತಾನೇ ಎದ್ದು, "ನನಗ ಈ ಹೊಗಿ ಸಾಕಾಗೇತಿ ಅಕ್ಕುತಾಯಿ, ತಗೊ ನಿನ್ನ ರಾಜ್ಯ" ಎಂದು ಕೀಲಿಯನ್ನು ಅತ್ತೆಯವರ ಮಡಿಲಿಗೆ ಹಾಕಿದಳು. ಎಲ್ಲರೂ ನಕ್ಕರು. ಅತ್ತೆಯವರು ಕೀಲಿಯನ್ನು ತಕ್ಷಣ ಎತ್ತಿಕೊಳ್ಳಲಿಲ್ಲ. ಅದು ಮಡಿಲಲ್ಲೇ ಇತ್ತು, ಆಮೇಲೆ ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋಗಿ ಅಡುಗೆಗೆ ನಿಂತರು.

ಊಟಕ್ಕೆ ನಾನು ಮೊದಲ ಸಾಲಿನ ಕೊನೆಯಲ್ಲಿ ಕುಳಿತೆ. ಪಕ್ಕದಲ್ಲಿ ಬಾಳಾಸಾಬರ ಮೊಮ್ಮಗ. ಅತ್ತೆಯವರು ಮರಳುವ ಸುದ್ದಿ ಮೊದಲೇ ಹಬ್ಬಿತ್ತೇನೋ, ಕೆಲವು ಮಕ್ಕಳು ಮನೆಯಿಂದ ಡಬ್ಬಿ ತಂದಿದ್ದರು, ತೆರೆಯದೆ ನನ್ನನ್ನೇ ನೋಡುತ್ತಿದ್ದರು. ಅತ್ತೆಯವರು ಅನ್ನ, ಸಾರಿನ ಬಕೆಟ್ ಹಿಡಿದು ಬಂದರು. ನನ್ನ ಮುಂದೆ ನಿಂತರು. ನಾನು ತಾಟು ಮುಂದೆ ಮಾಡಿದೆ.

ಅವರು ಬಡಿಸಲಿಲ್ಲ. ಸೌಟಿನಿಂದ ಸ್ವಲ್ಪ ಅನ್ನ, ಸ್ವಲ್ಪ ಸಾರನ್ನು ತಮ್ಮ ಎಡ ಅಂಗೈಗೆ ಹಾಕಿಕೊಂಡರು. ಎಲ್ಲರಿಗೂ ಕಾಣುವ ಹಾಗೆ ಬಾಯಿಗಿಟ್ಟು, ನುಂಗಿ, ಒಂದು ಗಳಿಗೆ ನಿಂತರು. ಆಮೇಲೆ ನನಗೆ ಬಡಿಸಿದರು. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ.

ಮೊಮ್ಮಗ ಕೇಳಿದ, "ಆಯಿ, ನೀ ಯಾಕ ಮೊದ್ಲ ತಿಂದಿ?"

"ಉಪ್ಪ ನೋಡಿದ್ನೋ ಪೋರಾ" ಅಂದರು.

ಎರಡನೇ ಸಾಲಿಗೆ ಹೋದಾಗ ಮತ್ತೆ ಉಪ್ಪು ನೋಡಿದರು. ಮೂರನೇ ಸಾಲಿನಲ್ಲೂ ನೋಡಿದರು.

ಬ್ರಾಹ್ಮಿ